ತಿಮಿಶ್ವಾರಾಕ್ಕೆ ಬರುವವರೇ, ಮನೆಯ ಕರಾರಿಗೆ ಸಹಿ ಹಾಕುವ ಮೊದಲು

ರುಮೇನಿಯಾಕ್ಕೆ ಕೆಲಸಕ್ಕೋ ವೈದ್ಯಕೀಯ ಓದಿಗೋ ಹೊರಡುವ ನಮ್ಮವರು ಚಳಿಯ ಬಗ್ಗೆ ಕೇಳುತ್ತಾರೆ, ಸೋನಾಮಸೂರಿ ಸಿಗುತ್ತದೆಯೇ ಎಂದು ಕೇಳುತ್ತಾರೆ, ಕುಕ್ಕರ್ ತರಬೇಕೇ ಎಂದು ಎರಡೆರಡು ಸಲ ಕೇಳುತ್ತಾರೆ. ಬಾಡಿಗೆ ಕರಾರಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಅಕ್ಟೋಬರ್‌ನಲ್ಲಿ ನಗುನಗುತ್ತ ಬಂದಿಳಿದವರು ಡಿಸೆಂಬರ್ ಹೊತ್ತಿಗೆ ಹಿಡಿದುಕೊಂಡು ಬರುವ ಗೋಳು ಮಾತ್ರ ಅದೊಂದೇ. ವೀಸಾ, ವಿಮಾನ, ಮೊಬೈಲ್ ಸಿಮ್ ಇವೆಲ್ಲ ನಿಮಗೆ ಗೊತ್ತಿರುವ ಸಂಗತಿ, ಬಿಟ್ಟುಬಿಡುತ್ತೇನೆ.

ಮೊದಲು ಊರು ಎಂಥದ್ದು ಎಂದು ತಿಳಿದುಕೊಳ್ಳಿ. ತಿಮಿಶ್ವಾರಾ ಇರುವುದು ದೇಶದ ಪಶ್ಚಿಮದ ಅಂಚಿನಲ್ಲಿ, ಬನಾತ್ ಎಂಬ ಬಯಲುಸೀಮೆಯಲ್ಲಿ. ರಾಜಧಾನಿ ಬುಕಾರೆಸ್ಟ್ ರಸ್ತೆಯಲ್ಲಿ ಸುಮಾರು 550 ಕಿಲೋಮೀಟರ್. ಸರ್ಬಿಯಾದ ಬೆಲ್‌ಗ್ರೇಡ್ ಅದರ ಮೂರನೇ ಒಂದು ಭಾಗದಷ್ಟೂ ಇಲ್ಲ, ಹಂಗೇರಿಯ ಬುಡಾಪೆಸ್ಟ್ ಕೂಡ ಬುಕಾರೆಸ್ಟ್‌ಗಿಂತ ಹತ್ತಿರ. ಸುತ್ತ ಒಂದು ಗುಡ್ಡವಿಲ್ಲ. ಒಂದು ಕಾಲಕ್ಕೆ ಇದೆಲ್ಲ ಜೌಗು. 1552ರಿಂದ 1716ರವರೆಗೆ ತುರ್ಕರು ಆಳಿದರು. ಹ್ಯಾಬ್ಸ್‌ಬರ್ಗ್ ಸೇನಾಪತಿ, ಸವಾಯ್‌ನ ರಾಜಕುಮಾರ ಯೂಜೀನ್ ಊರನ್ನು ಗೆದ್ದುಕೊಂಡ ಮೇಲೆ ವಿಯೆನ್ನಾದ ಹ್ಯಾಬ್ಸ್‌ಬರ್ಗ್ ಅರಸರು ಬೇಗಾ ನದಿಯನ್ನು ಕಾಲುವೆಯಾಗಿ ತಿದ್ದಿದರು, ಜೌಗನ್ನು ಬತ್ತಿಸಿದರು, ಜರ್ಮನ್ ಒಕ್ಕಲುಗಳನ್ನು ಕರೆತಂದು ನೆಲೆಗೊಳಿಸಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಊರು ರುಮೇನಿಯಾಕ್ಕೆ ಸೇರಿತು. ಹಾಗಾಗಿ ನಿಮ್ಮ ಕಟ್ಟಡದ ಕರೆಗಂಟೆಗಳ ಮೇಲೆ ರುಮೇನಿಯನ್, ಹಂಗೇರಿಯನ್, ಸರ್ಬಿಯನ್ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ಜರ್ಮನ್ ಹೆಸರುಗಳು ಕಡಿಮೆ; ಅವರಲ್ಲಿ ಬಹುಪಾಲು ಜನ ಕಳೆದ ಶತಮಾನದಲ್ಲೇ ಜರ್ಮನಿಗೆ ಹೊರಟುಹೋದರು. ಆದರೂ ಒಪೆರಾ ಕಟ್ಟಡದ ಒಂದೇ ಸೂರಿನಡಿ ರುಮೇನಿಯನ್, ಜರ್ಮನ್, ಹಂಗೇರಿಯನ್ ಮೂರೂ ಭಾಷೆಗಳ ಸರಕಾರಿ ರಂಗಮಂದಿರಗಳು ಇಂದಿಗೂ ನಡೆಯುತ್ತಿವೆ. ನಾಲ್ಕು ಭಾಷೆ ಬೆರೆತ ಬೀದಿಯಲ್ಲಿ ಬೆಳೆದ ಬೆಳಗಾವಿ, ಕಾಸರಗೋಡಿನವರಿಗೆ ಇಲ್ಲಿ ಹೊಂದಿಕೊಳ್ಳುವುದು ಬೇರೆಯವರಿಗಿಂತ ಸುಲಭ ಎಂಬುದು ನನ್ನ ಅನಿಸಿಕೆ.

ಈ ವಿಯೆನ್ನಾದ ಕಾಲ ನಿಮಗೇಕೆ ಮುಖ್ಯವೆಂದರೆ, ಅವರು ಬಿಟ್ಟುಹೋದ ಆಸ್ತಿಯಲ್ಲಿ ಕಟ್ಟಡಗಳ ಜೊತೆಗೆ ಭೂಪುಸ್ತಕವೂ ಸೇರಿದೆ. ರುಮೇನಿಯನ್‌ನಲ್ಲಿ ಇದು 'ಕಾರ್ತೆ ಫುಂಚಾರಾ'. ಪ್ರತಿ ಮನೆಗೂ ಒಂದು ಪುಟ: ಮಾಲೀಕ ಯಾರು, ಯಾವ ಬ್ಯಾಂಕಿನ ಸಾಲವಿದೆ, ಯಾರ ತಕರಾರಿದೆ ಎಲ್ಲ ಅದೇ ಪುಟದಲ್ಲಿ. ಮೊದಲ ಮಹಾಯುದ್ಧಕ್ಕೆ ಮುಂಚೆಯೇ ರುಮೇನಿಯಾ ಆಗಿದ್ದ ಭಾಗಗಳಲ್ಲಿ ಈ ಪದ್ಧತಿ ಇರಲಿಲ್ಲ. 1996ರ ಕಾನೂನು ಅದನ್ನು ಇಡೀ ದೇಶಕ್ಕೆ ಹರಡಿತು. ಸಣ್ಣ ಶುಲ್ಕ ಕಟ್ಟಿದರೆ ಯಾರ ಮನೆಯ ಪ್ರತಿಯನ್ನಾದರೂ ನೀವು ಪಡೆಯಬಹುದು. ಖಾತೆ ಒಂದು ಕಡೆ, ಋಣಭಾರ ಪತ್ರ ಇನ್ನೊಂದು ಕಡೆ, ಕಂದಾಯ ರಸೀದಿ ಮತ್ತೊಂದು ಕಡೆ ಇಟ್ಟುಕೊಂಡು ಮೂರನ್ನೂ ತಾಳೆ ಹಾಕಲು ವಕೀಲರನ್ನು ಹುಡುಕುವ ನಮ್ಮ ಪದ್ಧತಿಗಿಂತ ಇದು ನೂರು ಪಾಲು ಮೇಲು, ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮನೆ ತೋರಿಸುವವನು ನಿಜವಾದ ಮಾಲೀಕನೇ ಎಂದು ನೋಡಲು ಈ ಪ್ರತಿಯನ್ನು ಕೇಳಿ. ಕೊಡಲು ಸಿಟ್ಟಾಗುವವನ ಮನೆ ಬೇಡ.

ಈಗ ಬಲೆಯ ವಿಷಯ. ನಮಗೆ ಬೆಂಗಳೂರಿನ ಹನ್ನೊಂದು ತಿಂಗಳ ಕರಾರು ರಕ್ತದಲ್ಲಿ ಸೇರಿಹೋಗಿದೆ. ಛಾಪಾ ಕಾಗದ, ಎರಡು ಸಹಿ, ಮುಗಿಯಿತು. ನೋಂದಣಿಯ ಗೊಡವೆ ತಪ್ಪಲಿ ಎಂದೇ ಹನ್ನೊಂದು ತಿಂಗಳು. ಇಲ್ಲಿ ಅದು ತಲೆಕೆಳಗು. ಬಾಡಿಗೆ ಕರಾರನ್ನು ಮಾಲೀಕ 30 ದಿನಗಳೊಳಗೆ ತೆರಿಗೆ ಇಲಾಖೆಯಾದ 'ಅನಾಫ್'ನಲ್ಲಿ ನೋಂದಾಯಿಸಬೇಕು. ನೋಂದಾಯಿಸಿದರೆ ಬಾಡಿಗೆ ಆದಾಯಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ, ಆದ್ದರಿಂದ ಕೆಲವು ಮಾಲೀಕರಿಗೆ ಅದು ಬೇಡ. "ಕರಾರು ಬರೆಯೋಣ, ನೋಂದಣಿ ಬೇಡ, ತಿಂಗಳಿಗೆ ಐವತ್ತು ಯೂರೊ ಕಡಿಮೆ ಕೊಡಿ" ಎನ್ನುತ್ತಾರೆ. (ಬಾಡಿಗೆಯ ಮಾತು ಇಲ್ಲಿ ಯೂರೊದಲ್ಲಿ, ಕೊಡುವುದು ಸಾಮಾನ್ಯವಾಗಿ ಇಲ್ಲಿನ ನಾಣ್ಯವಾದ ಲೆಯಿಯಲ್ಲಿ.) ನಮ್ಮ ಹುಡುಗ ಐವತ್ತು ಯೂರೊ ಉಳಿಯಿತೆಂದು ಹಿಗ್ಗುತ್ತಾನೆ.

ನೀವು ಬರುವುದು ದೀರ್ಘಾವಧಿಯ 'ಡಿ' ವೀಸಾದಲ್ಲಿ. ಅದು ಕೊಡುವುದು 90 ದಿನ. ಅದರ ಮೇಲೆ ಉಳಿಯಲು ವಲಸೆ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಅದೂ ಅವಧಿ ಮುಗಿಯಲು ಕನಿಷ್ಠ 30 ದಿನ ಇರುವಾಗಲೇ. ಅಂದರೆ ನಿಮ್ಮ ಕೈಯಲ್ಲಿರುವುದು 60 ದಿನ. ಮನೆ ಹುಡುಕಲು ಎರಡು ಮೂರು ವಾರ ಹೋಯಿತು. ಮಾಲೀಕ ಕಾನೂನಿನಂತೆಯೇ ನಡೆದರೂ ನೋಂದಣಿಗೆ ಪೂರ್ತಿ 30 ದಿನ ಎಳೆಯಬಹುದು. ಉಳಿದ ಒಂದೆರಡು ವಾರದಲ್ಲಿ ವೈದ್ಯಕೀಯ ಪ್ರಮಾಣಪತ್ರ, ಆರೋಗ್ಯ ವಿಮೆಯ ದಾಖಲೆ, ಕಾಗದಪತ್ರಗಳ ಅನುವಾದ, ಕಚೇರಿಯಲ್ಲಿ ಸಮಯ ಗೊತ್ತುಮಾಡಿಕೊಳ್ಳುವುದು. ಆ ಅರ್ಜಿಯ ಜೊತೆ ಕೇಳುವ ವಸತಿಯ ಪುರಾವೆ ಎಂದರೆ ಇದೇ ನೋಂದಾಯಿತ ಕರಾರು. ಬರಿಯ ಸಹಿಯ ಕಾಗದ ಹಿಡಿದು ಹೋದವರನ್ನು ಕಿಟಕಿಯಿಂದಲೇ ವಾಪಸು ಕಳಿಸುತ್ತಾರೆ. ಹೋಟೆಲ್ ಬುಕಿಂಗ್, ಗೆಳೆಯನ ಮನೆಯ ವಿಳಾಸ ಇವೂ ನಡೆಯುವುದಿಲ್ಲ. ಗೆಳೆಯ ತಾನೇ ಬಾಡಿಗೆದಾರ, ಮಾಲೀಕನ ಒಪ್ಪಿಗೆಯಿಲ್ಲದೆ ಅವನು ನಿಮಗೆ ಏನನ್ನೂ ಬರೆದುಕೊಡಲಾರ.

ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಹೀಗೆ ಸಿಕ್ಕಿಕೊಂಡ. ಕಚೇರಿಯಿಂದ ಹೊರಗೆ ಬಂದು ಮಾಲೀಕನಿಗೆ ಫೋನ್ ಮಾಡಿದರೆ ಉತ್ತರವಿಲ್ಲ. ಬೇರೆ ಮನೆ ಹುಡುಕಿದ, ಮತ್ತೆ ಮುಂಗಡ, ಮತ್ತೆ ಏಜೆಂಟನ ದಲ್ಲಾಳಿ. ಹಳೆಯ ಮುಂಗಡ ಹಿಂತಿರುಗಲಿಲ್ಲ. ಕೇಳಲು ನೋಂದಾಯಿತ ಕಾಗದವೇ ಇರಲಿಲ್ಲವಲ್ಲ. ತಿಂಗಳಿಗೆ ಐವತ್ತು ಉಳಿಸಲು ಹೋಗಿ ಎಂಟುನೂರು ಯೂರೊ ಕಳೆದುಕೊಂಡ. ಹೋದ ನಿದ್ದೆಯ ಲೆಕ್ಕ ಬೇರೆ.

ಇನ್ನೊಂದು ಜಾಣತನವನ್ನೂ ಕೆಲವರು ಮುಂದಿಡುತ್ತಾರೆ. 'ಕೊಮೊದಾತ್' ಎಂಬ ಪತ್ರ, ಅಂದರೆ ಮನೆಯನ್ನು ಬಿಟ್ಟಿಯಾಗಿ ವಾಸಕ್ಕೆ ಕೊಟ್ಟಿದ್ದೇನೆ ಎಂಬ ಬರಹ. ಬಂಧುಗಳ ನಡುವೆ ಅದು ನ್ಯಾಯವಾದದ್ದೇ. ನೀವು ತಿಂಗಳು ತಿಂಗಳು ನಗದು ಎಣಿಸಿಕೊಟ್ಟು ಕಾಗದದಲ್ಲಿ ಬಿಟ್ಟಿ ಎಂದು ಬರೆಸಿಕೊಂಡರೆ ಸುಳ್ಳಿಗೆ ಸಹಿ ಹಾಕಿದವರು ನೀವೂ ಹೌದು. ಬಾಡಿಗೆ ಕೊಟ್ಟದ್ದಕ್ಕೆ ಪುರಾವೆಯೂ ಇಲ್ಲ. ಒಪ್ಪಿಕೊಳ್ಳಬೇಡಿ.

ಏನು ಮಾಡಬೇಕು? ವಿದ್ಯಾರ್ಥಿಗಳು ಮೊದಲ ವರ್ಷ ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಕ್ಕರೆ ಬಿಡಲೇಬೇಡಿ, ಅದರ ಪತ್ರವೇ ವಸತಿಯ ಪುರಾವೆ. ಉಳಿದವರು ಮನೆ ನೋಡುವಾಗಲೇ ಮೊದಲ ಪ್ರಶ್ನೆಯಾಗಿ ಅನಾಫ್ ನೋಂದಣಿ ಕೇಳಿ. ಒಂದು ವಾರದೊಳಗೆ ನೋಂದಾಯಿಸಿ ಪ್ರತಿ ಕೊಡುತ್ತೇನೆ ಎಂಬ ಸಾಲು ಕರಾರಿನಲ್ಲೇ ಇರಲಿ. ಗಂಡ ಹೆಂಡತಿ ಇಬ್ಬರೂ ಬರುವುದಾದರೆ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರ ತಪ್ಪದೆ ಬರಲಿ. ಕರಾರು ಎರಡು ಭಾಷೆಯಲ್ಲಿದ್ದರೆ ರುಮೇನಿಯನ್ ಭಾಗವನ್ನು ಭಾಷೆ ಬಲ್ಲವರಿಂದ ಓದಿಸಿ, ಕಚೇರಿ ನೋಡುವುದು ಅದನ್ನೇ. ಪರವಾನಗಿ ಕೈಗೆ ಬಂದರೆ ಅದರ ಮೇಲೆ 13 ಅಂಕಿಯ ವೈಯಕ್ತಿಕ ಸಂಖ್ಯೆ ಇರುತ್ತದೆ. ಬ್ಯಾಂಕು, ಆಸ್ಪತ್ರೆ, ಇಂಟರ್ನೆಟ್ ಸಂಪರ್ಕ ಎಲ್ಲೆಡೆ ಕೇಳುವ ಸಂಖ್ಯೆ ಅದು. ಮುಂದೆ ಮನೆ ಬದಲಿಸಿದರೆ ವಲಸೆ ಕಚೇರಿಗೆ ತಿಳಿಸುವುದೂ ನಿಮ್ಮ ಹೊಣೆ.

ಮನೆ ಸಿಕ್ಕಿತು ಎಂದರೆ ಹೆಚ್ಚಿನಂಶ ಅದು ಕಮ್ಯುನಿಸ್ಟ್ ಕಾಲದ ಬಹುಮಹಡಿ ಕಟ್ಟಡದಲ್ಲಿ. ಮೆಟ್ಟಿಲ ಬುಡದ ಗಾಜಿನ ಫಲಕದಲ್ಲಿ ತಿಂಗಳಿಗೊಮ್ಮೆ ಒಂದು ಹಾಳೆ ಅಂಟಿಸುತ್ತಾರೆ: ಮನೆ ಸಂಖ್ಯೆ, ಜನರ ಸಂಖ್ಯೆ, ತಣ್ಣೀರು, ಕಸ, ಲಿಫ್ಟು, ಮೆಟ್ಟಿಲ ದೀಪ, ಕೊನೆಗೆ ಮೊತ್ತ. ಯಾರು ಬಾಕಿ ಇಟ್ಟಿದ್ದಾರೆ ಎಂಬುದೂ ಎಲ್ಲರ ಕಣ್ಣಿಗೆ ಬೀಳುತ್ತದೆ. ಕೆಲವು ಖರ್ಚು ತಲೆಯ ಲೆಕ್ಕದಲ್ಲಿ ಬರುವುದರಿಂದ ಊರಿನಿಂದ ಅಮ್ಮ ಮೂರು ತಿಂಗಳಿಗೆ ಬಂದರೆ ಮಾಲೀಕರ ಸಂಘಕ್ಕೆ ಹೇಳಬೇಕು. ಹೇಳದಿದ್ದರೆ ಕೆಳಗಿನ ಮಹಡಿಯ ಅಜ್ಜಿ ನಿಮ್ಮ ಬಾಗಿಲಲ್ಲಿರುವ ಚಪ್ಪಲಿಗಳನ್ನು ಎಣಿಸಿ ತಾವೇ ಹೇಳುತ್ತಾರೆ. ಅದೇ ಅಜ್ಜಿ ಈಸ್ಟರ್‌ಗೆ ಸಿಹಿ ರೊಟ್ಟಿಯನ್ನೂ ತಂದುಕೊಡುತ್ತಾರೆ, ಬೇಸರ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ, ಮತ್ತೆ ಮಧ್ಯಾಹ್ನ 1ರಿಂದ 2ರವರೆಗೆ ನೆರೆಯವರ ನೆಮ್ಮದಿ ಕೆಡಿಸುವುದು ಕಾನೂನಿನ ಪ್ರಕಾರ ತಪ್ಪು. ದೋಸೆ ಹಿಟ್ಟು ರುಬ್ಬುವವರು ಮಿಕ್ಸಿಗೆ ಬೇರೆ ಹೊತ್ತು ನೋಡಿಕೊಳ್ಳಿ.

ಸಂಬಳದ ಮಾತಿನಲ್ಲೂ ಒಂದು ಎಚ್ಚರ. 'ಬ್ರುತ್' ಎಂದು ಹೇಳಿದ ಮೊತ್ತದಲ್ಲಿ ಪಿಂಚಣಿಗೆ ಶೇ. 25, ಆರೋಗ್ಯಕ್ಕೆ ಶೇ. 10, ಉಳಿದದ್ದರಲ್ಲಿ ಆದಾಯ ತೆರಿಗೆ ಶೇ. 10 ಹೋಗುತ್ತದೆ. 10,000 ಲೆಯಿ ಎಂದರೆ ಕೈಗೆ ಬರುವುದು ಹತ್ತಿರ ಹತ್ತಿರ 5,850. ಸಾಫ್ಟ್‌ವೇರ್‌ನವರಿಗೆ ಆದಾಯ ತೆರಿಗೆಯಿಲ್ಲ ಎಂದು ಹಳೆಯ ಬರಹಗಳಲ್ಲಿ ಓದಿದ್ದರೆ ಮರೆತುಬಿಡಿ, 2025ರಿಂದ ಆ ವಿನಾಯಿತಿ ಇಲ್ಲ. ಆರೋಗ್ಯದ ಹಣ ಹೇಗೂ ಕಟ್ಟುತ್ತೀರಿ. ಒಬ್ಬ ಕುಟುಂಬ ವೈದ್ಯರ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳದೆ ಇದ್ದರೆ ಅದು ಕಟ್ಟಿಯೂ ಕಟ್ಟದಂತೆ.

ಊಟಕ್ಕೆ ಸಸ್ಯಾಹಾರಿಗಳು 'ದೆ ಪೋಸ್ತ್' ಎಂದು ಕೇಳಿ. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆ ಅದು. ಮಾಂಸ, ಹಾಲು, ಮೊಟ್ಟೆ ಮೂರೂ ಇರುವುದಿಲ್ಲ. ಮೀನು ಕೆಲವೊಮ್ಮೆ ನುಸುಳುತ್ತದೆ, ಕೇಳಿಯೇ ತಿನ್ನಿ. ಯೊಸೆಫಿನ್ ಮಾರುಕಟ್ಟೆಯಲ್ಲಿ ಹಳ್ಳಿಯವರು ತರುವ ತರಕಾರಿ ಸೂಪರ್ ಮಾರ್ಕೆಟ್ಟಿನದಕ್ಕಿಂತ ಒಳ್ಳೆಯದು.

ಊರಿನವರ ಜೊತೆ ಮಾತಿಗೆ ಕುಳಿತರೆ ಎರಡು ಹೆಮ್ಮೆ ಕೇಳಿಸುತ್ತವೆ. ಒಂದು, 1884ರ ನವೆಂಬರ್‌ನಲ್ಲಿ 731 ವಿದ್ಯುತ್ ದೀಪಗಳಿಂದ ಬೀದಿ ಬೆಳಗಿಸಿ ಯುರೋಪಿನಲ್ಲೇ ಮೊದಲಿಗರಾದೆವು ಎಂಬುದು. 1905ರ ಬೆಂಗಳೂರಿನ ಬೀದಿದೀಪದ ಕಥೆಯನ್ನು ನೀವೂ ಹೇಳಿ, ಸ್ನೇಹ ಬೆಳೆಯುತ್ತದೆ. ಎರಡನೆಯದರ ಬಗ್ಗೆ ಹಗುರವಾಗಿ ಮಾತನಾಡಬೇಡಿ. 1989ರ ಡಿಸೆಂಬರ್‌ನಲ್ಲಿ ಹಂಗೇರಿಯನ್ ಪಾದ್ರಿ ಲಾಸ್ಲೊ ತೊಕೆಶ್ ಅವರನ್ನು ಮನೆಯಿಂದ ಹೊರಹಾಕಲು ಬಂದಾಗ ನೆರೆಯವರು ಅಡ್ಡ ನಿಂತರು. ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಆಡಳಿತವನ್ನು ಉರುಳಿಸಿದ ದಂಗೆ ಹೊತ್ತಿದ್ದು ಅಲ್ಲಿಂದ. ಸೇನೆ ಗುಂಡು ಹಾರಿಸಿತು. 20ರಂದು ತಿಮಿಶ್ವಾರಾ ತನ್ನನ್ನು ಕಮ್ಯುನಿಸಂನಿಂದ ಮುಕ್ತವಾದ ಮೊದಲ ನಗರವೆಂದು ಸಾರಿತು. ಆ ವಾರ ಸತ್ತವರ ಮನೆಯವರು ನಿಮ್ಮ ಕಟ್ಟಡದಲ್ಲೇ ಇರಬಹುದು. ಡಿಸೆಂಬರ್ ನಡುವಿನಲ್ಲಿ ಜೋರು ಪಾರ್ಟಿ ಇಟ್ಟುಕೊಳ್ಳಬೇಡಿ.

ರುಮೇನಿಯಾ 2025ರ ಜನವರಿಯಿಂದ, ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಯುರೋಪಿನ ದೇಶಗಳ ಕೂಟವಾದ ಷೆಂಗೆನ್‌ಗೆ ಪೂರ್ತಿಯಾಗಿ ಸೇರಿರುವುದರಿಂದ ಪರವಾನಗಿ ಇದ್ದವರಿಗೆ ಬುಡಾಪೆಸ್ಟ್ ವಾರಾಂತ್ಯದ ಪ್ರವಾಸ. ಸರ್ಬಿಯಾ ಷೆಂಗೆನ್ ಅಲ್ಲ, ಹತ್ತಿರವಿದೆಯೆಂದು ಹಾಗೇ ಹೊರಡಬೇಡಿ, ನಿಯಮ ನೋಡಿಕೊಳ್ಳಿ. ಭಾರತದ ರಾಯಭಾರ ಕಚೇರಿ ಇರುವುದು ಬುಕಾರೆಸ್ಟ್‌ನಲ್ಲಿ. ಪಾಸ್‌ಪೋರ್ಟ್ ಅವಧಿ ಎರಡು ವರ್ಷಕ್ಕಿಂತ ಕಡಿಮೆ ಇದ್ದರೆ ಊರಲ್ಲೇ ಹೊಸದು ಮಾಡಿಸಿಕೊಂಡು ಬನ್ನಿ.