ಪವರ್ ಕಂಡೀಷನರ್ ಕೊಳ್ಳುವ ಮೊದಲು ಆ ‘ಗುಂಯ್’ ಎಲ್ಲಿಂದ ಬರುತ್ತಿದೆ ನೋಡಿ

ಸ್ಪೀಕರಿನಲ್ಲಿ ಗುಂಯ್ ಅಂತ ಸದ್ದು ಬಂದರೆ ಸಾಕು, ಎಲ್ಲರೂ ಕರೆಂಟನ್ನೇ ಬೈಯುತ್ತಾರೆ. ಕರೆಂಟನ್ನು ಶುದ್ಧ ಮಾಡಿಕೊಡುತ್ತೆ ಅಂತ ಮಾರುವ ಪವರ್ ಕಂಡೀಷನರ್ ಡಬ್ಬಗಳಲ್ಲಿ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ: ಮೊದಲು ವೈರ್ ಕಿತ್ತು ನೋಡಿ.

ಆಂಪ್ಲಿಫೈಯರ್ ಆಫ್ ಮಾಡಿ. ಸ್ಪೀಕರ್ ವೈರ್ ಬಿಟ್ಟು ಉಳಿದ ಆಡಿಯೋ ವೈರ್ ಎಲ್ಲ ತೆಗೆಯಿರಿ. ಈಗ ಆನ್ ಮಾಡಿ. ಸದ್ದು ಹೋಯ್ತಾ? ಹಾಗಾದರೆ ಅದು ಬಹುತೇಕ ಗ್ರೌಂಡ್ ಲೂಪ್, ಅಂದರೆ ಒಂದಕ್ಕೊಂದು ಜೋಡಿಸಿದ ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಅರ್ತ್‌ಗೆ ಸೇರಿ, ಆ ಸುತ್ತಿನಲ್ಲಿ ಚೂರು ಕರೆಂಟ್ ಹರಿಯುವುದು. ಒಂದೊಂದೇ ವೈರ್ ವಾಪಸ್ ಹಾಕುತ್ತಾ ಬನ್ನಿ, ಪ್ರತಿ ಸಲವೂ ಆಫ್ ಮಾಡಿಯೇ. ನನ್ನ ಸೆಟ್‌ನಲ್ಲಿ ಟಿವಿಯ ವೈರ್ ಹಾಕಿದ ಕೂಡಲೇ ಗುಂಯ್ ಶುರು. ಟಿವಿ ಹಿಂದಿನ ಕೇಬಲ್ ಕನೆಕ್ಷನ್ನಿನ ವೈರ್ ಬಿಚ್ಚಿದರೆ ಗಪ್‌ಚುಪ್. ಟಿವಿಯಿಂದ ಆಂಪ್‌ಗೆ ಆಪ್ಟಿಕಲ್ ವೈರ್ ಎಳೆದೆ, ಮುಗೀತು. ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಅರ್ತ್ ಪಿನ್ ಕತ್ತರಿಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಜೀವಕ್ಕೆ ಕುತ್ತು.

ಸದ್ದು ಸ್ಪೀಕರಿನಿಂದಲ್ಲ, ಆಂಪ್‌ನ ಡಬ್ಬದಿಂದಲೇ ಬರುತ್ತಿದ್ದರೆ ಕಥೆ ಬೇರೆ. ಮುಚ್ಚಳದ ಹತ್ತಿರ ಕಿವಿಯಿಟ್ಟು, ಯಾರಿಗಾದರೂ ಹೇರ್ ಡ್ರೈಯರನ್ನು ಕಡಿಮೆ ಸ್ಪೀಡ್‌ನಲ್ಲಿ ಹಾಕಲು ಹೇಳಿ. ಕೆಲವು ಡ್ರೈಯರ್‌ಗಳು ಆಗ ಎಸಿ ಅಲೆಯ ಅರ್ಧವನ್ನಷ್ಟೇ ಬಳಸುತ್ತವೆ, ಲೈನಿನಲ್ಲಿ ಚೂರು ಡಿಸಿ ಸೇರಿಕೊಳ್ಳುತ್ತದೆ. ಆಂಪ್‌ನೊಳಗಿನ ಉಂಗುರದಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್‌ಗೆ ಅದು ಆಗಿಬರುವುದಿಲ್ಲ, ಗುರ್ ಅನ್ನುತ್ತದೆ. ಇದಕ್ಕೆ ಬೇಕಾದದ್ದು ಡಿಸಿ ಬ್ಲಾಕರ್. ಲೈನಿನ ಗಲಾಟೆ ಸೋಸುವ ಮಾಮೂಲಿ ಫಿಲ್ಟರ್ ಹಾಕಿದರೆ ಸುಮ್ನೆ ದುಡ್ಡು ದಂಡ.

ಇಷ್ಟು ನೋಡಿದ ಮೇಲೂ ಲೈಟಿನ ಡಿಮ್ಮರ್‌ನ ಚರ್‌ರ್ ಸದ್ದೋ, ಫ್ರಿಜ್ ಆನ್ ಆದಾಗಿನ ಟಪ್ ಸದ್ದೋ ಉಳಿದಿದ್ದರೆ ಫಿಲ್ಟರ್ ಇರುವ ಕಂಡೀಷನರ್ ನೋಡಬಹುದು. ಡಬ್ಬದ ಮೇಲೆ ‘60 ಡಿಬಿ’ (ಗಲಾಟೆಯನ್ನು ಎಷ್ಟು ತಗ್ಗಿಸುತ್ತದೆ ಅನ್ನುವ ಡೆಸಿಬೆಲ್ ಲೆಕ್ಕ) ಅಂತ ಬರೆದಿದ್ದರೆ, ಯಾವ ಫ್ರೀಕ್ವೆನ್ಸಿಯಲ್ಲಿ ಅಂತ ಹುಡುಕಿ. ಅದನ್ನು ಹೇಳದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. ವೋಲ್ಟೇಜ್ ಏರಿಳಿತವೇ ನಿಮ್ಮ ತೊಂದರೆಯಾದರೆ ಫಿಲ್ಟರ್ ಏನೂ ಮಾಡದು, ಸ್ಟೆಬಿಲೈಸರ್ ಬೇಕು. ಕಂಡೀಷನರ್ ಅನ್ನುವ ಹೆಸರಿನಲ್ಲಿ ಎಲ್ಲವನ್ನೂ ಮಾರುತ್ತಾರೆ, ಅಲ್ವಾ?

ಈ ಡಬ್ಬಗಳೊಳಗೆ ಸರ್ಜ್, ಅಂದರೆ ವೋಲ್ಟೇಜ್ ದಿಢೀರನೆ ಜಿಗಿಯುವುದನ್ನು, ತಡೆಯುವ ಎಂಒವಿ ಅನ್ನುವ ಬಿಡಿಭಾಗ ಪ್ರತಿ ಹೊಡೆತಕ್ಕೂ ಸವೆಯುತ್ತದೆ. ಅದು ಇನ್ನೂ ಬದುಕಿದೆ ಅಂತ ತೋರಿಸುವ ಲೈಟ್ ಇಲ್ಲದ ಮಾಡೆಲ್ ನಾನಂತೂ ಕೊಳ್ಳುವುದಿಲ್ಲ.

ಇನ್ನು ಕೆಪ್ಯಾಸಿಟಿ. ಕಂಡೀಷನರಿಗೆ ಹಾಕುವ ಎಲ್ಲ ಉಪಕರಣಗಳ ಹಿಂದೆ ಬರೆದಿರುವ ವ್ಯಾಟ್ಸ್ ಕೂಡಿಸಿ, ಅದರ ಎರಡರಷ್ಟು ಇಟ್ಟುಕೊಳ್ಳಿ. ಆಂಪ್ ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ, ಅಲೆಯ ತುದಿಯಲ್ಲಿ ಗಬಕ್ಕನೆ ಎಳೆಯುತ್ತದೆ. ದೊಡ್ಡ ಪವರ್ ಆಂಪ್ ಇದ್ದರೆ ನಾನು ಅದಕ್ಕೆ ಬರೀ ಸರ್ಜ್ ಪ್ರೊಟೆಕ್ಟರ್ ಹಾಕಿ, ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಮಾಡುವ ಡಬ್ಬ), ಟರ್ನ್‌ಟೇಬಲ್, ಪ್ರೀಆಂಪ್‌ಗಳನ್ನು ಫಿಲ್ಟರ್‌ಗೆ ಕೊಡುತ್ತೇನೆ. ಎರಡೂ ಪಕ್ಕಪಕ್ಕದ ಸಾಕೆಟ್‌ನಲ್ಲೇ ಇರಲಿ. ಬೇರೆ ಬೇರೆ ಗೋಡೆಗೆ ಹಾಕಿದರೆ ಗ್ರೌಂಡ್ ಲೂಪ್ ಮತ್ತೆ ಬರಬಹುದು. ಒಂದು ಫಿಲ್ಟರಿಗೆ ಇನ್ನೊಂದನ್ನು ಪೋಣಿಸಲೂ ಹೋಗಬೇಡಿ. ಪ್ರತಿಯೊಂದೂ ಅರ್ತ್‌ಗೆ ಚೂರು ಕರೆಂಟ್ ಸೋರಿಸುತ್ತದೆ, ಜಾಸ್ತಿಯಾದರೆ, ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ ಮನೆಯ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ.