ಲಾಗಿನ್ ಆಗದವರಿಗೆ ನಂಬರ್ ಕಾಣದ ಹಾಗೆ ಇಫ್ ಹಾಕಿದ್ದು: ನನ್ನ ಅನುಭವ

ನಮ್ಮ ಬಡಾವಣೆ ಸಂಘದ ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ, ಸದಸ್ಯರ ಫೋನ್ ನಂಬರ್ ಇರೋ ಪೇಜ್ ಲಾಗಿನ್ ಆದವರಿಗೆ ಮಾತ್ರ ಕಾಣಬೇಕು ಅಂದ್ರು. ತುಂಬಾ ಜನ ಇದಕ್ಕೆ ಸಿಎಸ್‌ಎಸ್‌ನಲ್ಲಿ 'ಡಿಸ್‌ಪ್ಲೇ: ನನ್' (ತೋರಿಸಬೇಡ ಅನ್ನೋ ಸೂಚನೆ) ಕೊಟ್ಟು ಬಿಟ್ಬಿಡ್ತಾರೆ, ಆದ್ರೆ ಟೆಕ್ಸ್ಟ್ ಪೂರ್ತಿ ಬ್ರೌಸರ್‌ಗೆ ಬಂದಿರುತ್ತೆ, ಪೇಜಿನ ಸೋರ್ಸ್ ನೋಡೋಕೆ ಕಂಟ್ರೋಲ್ ಯು ಒತ್ತಿದ್ರೆ ನಂಬರೆಲ್ಲಾ ಸಾಲಾಗಿ ಕಾಣುತ್ತೆ. ಎಚ್‌ಟಿಎಂಎಲ್ ಕಾಮೆಂಟ್ ಒಳಗೆ ಇಟ್ರೂ ಅಷ್ಟೇ. ವರ್ಡ್‌ಪ್ರೆಸ್‌ನ ಭಾಷೆ ಪಿಎಚ್‌ಪಿ ಓಡೋದು ಸರ್ವರ್‌ನಲ್ಲಿ, ಅಲ್ಲಿ ಇಫ್ (ಹೀಗಿದ್ರೆ ಮಾತ್ರ ಇದನ್ನ ಮಾಡು ಅನ್ನೋ ಷರತ್ತು) ಕಂಡೀಶನ್ ಫಾಲ್ಸ್ ಆದ್ರೆ ಒಳಗಿರೋದು ಹೊರಗೇ ಹೋಗಲ್ಲ, ನನಗೆ ಬೇಕಾಗಿದ್ದು ಅದು.

ಥೀಮ್‌ನ ಟೆಂಪ್ಲೇಟ್ ಫೈಲಲ್ಲಿ (ಪೇಜ್ ಹೇಗೆ ಕಾಣಬೇಕು ಅಂತ ಹೇಳೋ ಫೈಲು) ಇಫ್ ಬರೆದು ಕೋಲನ್ ಹಾಕಿ ಕೊನೆಗೆ ಎಂಡ್‌ಇಫ್ ಕೊಡೋದು ಸುಲಭ, ಓದೋಕೂ ಚೆನ್ನಾಗಿರುತ್ತೆ. ಆದ್ರೆ ಟೆಂಪ್ಲೇಟ್ ಅನ್ನೋದು ಒಂದೇ ಬಾಗಿಲು. ವರ್ಡ್‌ಪ್ರೆಸ್ 4.7ರಿಂದ, ಅಂದ್ರೆ 2016ರಿಂದ, ಪೋಸ್ಟ್ ಪೇಜ್‌ಗಳೆಲ್ಲಾ ರೆಸ್ಟ್ ಎಪಿಐಯಲ್ಲೂ (ಬೇರೆ ಪ್ರೋಗ್ರಾಂಗಳು ಸೈಟಿನ ಮಾಹಿತಿ ತಗೊಳ್ಳೋ ದಾರಿ) ಸಿಗುತ್ತೆ, ಪಬ್ಲಿಶ್ ಆಗಿರೋ ಪೇಜನ್ನ ಲಾಗಿನ್ ಇಲ್ಲದೇ ಯಾರು ಬೇಕಾದ್ರೂ ಜೇಸನ್ ಅನ್ನೋ ಡೇಟಾ ರೂಪದಲ್ಲಿ ತಗೋಬಹುದು, ಥೀಮ್‌ನಲ್ಲಿರೋ ಇಫ್ ಅಲ್ಲಿ ಓಡೋದೇ ಇಲ್ಲ. ಸೈಟಿನ ಸರ್ಚ್‌ನಲ್ಲೂ ಎಕ್ಸರ್ಪ್ಟ್ (ಪೇಜಿನ ಚಿಕ್ಕ ತುಣುಕು) ಆಗಿ ಒಂದಷ್ಟು ಸಾಲು ಆಚೆ ಬರಬಹುದು.

ಅದಕ್ಕೆ ಕಂಡೀಶನ್ನನ್ನ 'ದಿ ಕಂಟೆಂಟ್' ಫಿಲ್ಟರ್‌ಗೆ (ಪೇಜಿನ ಟೆಕ್ಸ್ಟ್ ಆಚೆ ಹೋಗೋ ಮುಂಚೆ ಅದನ್ನ ಬದಲಿಸೋಕೆ ಇರೋ ಜಾಗ) ಹಾಕಿದೆ, ಎಪಿಐ ಕೊಡೋ ರೆಂಡರ್ ಆದ ಟೆಕ್ಸ್ಟೂ, ತಾನಾಗೇ ತಯಾರಾಗೋ ಎಕ್ಸರ್ಪ್ಟೂ ಇದರ ಮೂಲಕವೇ ಹೋಗುತ್ತೆ. ಇಲ್ಲಿ 'ಈಸ್ ಪೇಜ್' (ಈಗ ತೆರೆದಿರೋದು ಆ ಪೇಜೇನಾ) ಅಂತ ಚೆಕ್ ಮಾಡಬೇಡಿ, ಎಪಿಐಯಲ್ಲಿ, ಸರ್ಚ್‌ನಲ್ಲಿ ಅದು ಫಾಲ್ಸ್ ಕೊಡುತ್ತೆ, ಆಗ ನಿಮ್ಮ ಕಾವಲೇ ಇಲ್ಲದಂಗಾಗುತ್ತೆ. 'ಗೆಟ್ ದಿ ಐಡಿ'ಯಿಂದ ಪೇಜಿನ ಐಡಿ ತಗೊಂಡು ಹೋಲಿಸಿ. ಕೈಯಿಂದ ಬರೆದ ಎಕ್ಸರ್ಪ್ಟ್ ಈ ಫಿಲ್ಟರ್‌ಗೆ ಬರಲ್ಲ, ಅಲ್ಲಿ ನಂಬರ್ ಬರೀಲೇಬೇಡಿ.

'ಈಸ್ ಯೂಸರ್ ಲಾಗ್ಡ್ ಇನ್' ಒಂದನ್ನೇ ನಂಬೋದೂ ನನಗೆ ಸರಿ ಅನ್ಸಲಿಲ್ಲ, ರಿಜಿಸ್ಟ್ರೇಶನ್ ತೆರೆದಿದ್ರೆ ದಾರಿಹೋಕರೂ ಅಕೌಂಟ್ ಮಾಡ್ಕೊಂಡು ಒಳಗೆ ಬರ್ತಾರೆ. ಸದಸ್ಯರಿಗೆ ಅಂತ ಬೇರೆ ರೋಲ್, ಅದಕ್ಕೊಂದು ಕೇಪಬಿಲಿಟಿ (ಅನುಮತಿ) ಮಾಡಿ 'ಕರೆಂಟ್ ಯೂಸರ್ ಕ್ಯಾನ್' ಅಂತ ಕೇಳಿದೆ. ತಯಾರಾದ ಪೇಜಿನ ಕಾಪಿ ಉಳಿಸಿಟ್ಟು ಮತ್ತೆ ಕೊಡೋ ಪೇಜ್ ಕ್ಯಾಶ್ ಪ್ಲಗಿನ್ ಇದ್ರೆ ಈ ಪೇಜನ್ನ ಅದರಿಂದ ಹೊರಗಿಡಿ, ಸದಸ್ಯರಿಗೆ ತಯಾರಾದ ಕಾಪಿ ಇನ್ಯಾರಿಗೋ ಹೋಗಬಾರದು.

ಅದೇ ಪಟ್ಟಿಯ ಪಿಡಿಎಫ್ ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿದ್ರೆ ಲಿಂಕ್ ಗೊತ್ತಿದ್ದವರಿಗೆಲ್ಲಾ ಸಿಗುತ್ತೆ, ವೆಬ್ ಸರ್ವರ್ ಅದನ್ನ ಸಾಮಾನ್ಯವಾಗಿ ಪಿಎಚ್‌ಪಿ ಕೇಳದೇ ನೇರ ಕೊಡುತ್ತೆ. ಆ ಫೈಲನ್ನ ವೆಬ್ ರೂಟ್‌ನಿಂದ (ಬ್ರೌಸರ್‌ನಿಂದ ನೇರ ತೆರೆಯೋಕಾಗೋ ಫೋಲ್ಡರ್) ಆಚೆ ಇಟ್ಟು, ಅದೇ ಇಫ್ ದಾಟಿದ ಮೇಲೆ 'ರೀಡ್‌ಫೈಲ್' ಅನ್ನೋ ಪಿಎಚ್‌ಪಿ ಫಂಕ್ಷನ್‌ನಿಂದ ಕಳಿಸೋ ಹಾಗೆ ಮಾಡ್ದೆ.