ಭಾಗವತರ ದನಿ ಎದುರಿನಿಂದ ಬರಲಿ: ಕಾರಿಗೆ ಸೆಂಟರ್ ಸ್ಪೀಕರ್ ಕೂರಿಸುವ ಬಗೆ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟರೆ ನಮ್ಮ ಕಾರಿನಲ್ಲಿ ಯಕ್ಷಗಾನದ ಪದಗಳೇ ಆಗಬೇಕು. ಗಾಡಿ ಓಡಿಸುವ ಅಪ್ಪಯ್ಯನದು ಒಂದೇ ದೂರು: ‘ಭಾಗವತರು ನನ್ನ ಬಲಮೊಣಕಾಲಿನ ಹತ್ತಿರ ಕೂತು ಹಾಡಿದ ಹಾಗೆ ಕೇಳ್ತದೆ.’ ಪಕ್ಕದಲ್ಲಿ ಕೂತ ಅಮ್ಮ, ‘ಇಲ್ಲ, ಎಡಗಡೆ ಬಾಗಿಲಿಂದ ಬರ್ತದೆ’ ಅನ್ನುತ್ತಾರೆ. ಇಬ್ಬರು ಹೇಳುವುದೂ ನಿಜ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ 34 ಸೆಂ.ಮೀ. ದಾಟಲು ಒಂದು ಮಿಲಿಸೆಕೆಂಡ್ ಬೇಕು. ನಮ್ಮ ಕಾರಿನಲ್ಲಿ ಚಾಲಕನ ಕಿವಿಗೆ ಬಲಬಾಗಿಲ ಸ್ಪೀಕರ್ 90 ಸೆಂ.ಮೀ., ಎಡಬಾಗಿಲದ್ದು 140 ಸೆಂ.ಮೀ. ದೂರ. ಎರಡರಿಂದಲೂ ಹೊರಟ ಒಂದೇ ದನಿ ಒಂದೂವರೆ ಮಿಲಿಸೆಕೆಂಡಿನಷ್ಟು ಹಿಂದೆಮುಂದೆ ಬಂದು ಮುಟ್ಟುತ್ತದೆ. ಮೊದಲು ಬಂದ ಕಡೆಯೇ ಹಾಡುಗಾರ ಇದ್ದಾನೆಂದು ಮಿದುಳು ತೀರ್ಮಾನಿಸಿಬಿಡುತ್ತದೆ. ಈಗಿನ ಸ್ಟೀರಿಯೊಗಳಲ್ಲಿ ಬಲಗಡೆಯ ಶಬ್ದವನ್ನು ತುಸು ತಡೆದು ಬಿಡುವ ಸೌಲಭ್ಯ ಇದೆ ನಿಜ, ಆದರೆ ಅದರಿಂದ ಚಾಲಕನಿಗೆ ಸರಿಹೋದದ್ದು ಎಡಸೀಟಿನವರಿಗೆ ಇನ್ನಷ್ಟು ಕೆಡುತ್ತದೆ. ಇಬ್ಬರಿಗೂ ದನಿ ಎದುರಿನಿಂದಲೇ ಬರಬೇಕಾದರೆ ಎದುರಿನಲ್ಲೇ ಒಂದು ಸ್ಪೀಕರ್ ಇರಬೇಕು. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದ ವಾದ್ಯಗೋಷ್ಠಿಯನ್ನು ತಂತಿಯ ಮೂಲಕ ವಾಷಿಂಗ್ಟನ್ ಸಭಾಂಗಣಕ್ಕೆ ಕಳಿಸಿದಾಗಲೂ ಎಡ, ನಡು, ಬಲ ಎಂದು ಮೂರು ದಾರಿ ಬಳಸಿದ್ದರು.

ಕೊಳ್ಳುವ ಮೊದಲು

ಮೊದಲು ಇರುವ ಸ್ಪೀಕರ್‌ಗಳ ಪ್ಲಸ್-ಮೈನಸ್ ಸರಿ ಇದೆಯೇ ನೋಡಿ. ವೈರನ್ನು ಸ್ಟೀರಿಯೊದಿಂದ ಬಿಡಿಸಿ, 1.5 ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್ ತಾಗಿದಾಗ ಕೋನ್ (ಸ್ಪೀಕರಿನಲ್ಲಿ ಅದುರುವ ಬಟ್ಟಲಿನಂಥ ಭಾಗ) ಮುಂದಕ್ಕೆ ಬರಬೇಕು. ಒಂದು ಬಾಗಿಲಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಹೋದರೆ ವೈರು ತಿರುವುಮುರುವಾಗಿದೆ ಎಂದರ್ಥ. ಹಾಗಿದ್ದಾಗ ಹಾಡುಗಾರನ ದನಿಗೆ ನೆಲೆಯೇ ಇರುವುದಿಲ್ಲ. ಎಷ್ಟೋ ಕಾರುಗಳಿಗೆ ಇಷ್ಟು ರಿಪೇರಿಯೇ ಸಾಕು.

ಆಮೇಲೆ ಸೆಂಟರ್‌ಗೆ ಸಿಗ್ನಲ್ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಾವು ಮೊದಲ ಸಲ ಹಾಕಿಸಿದಾಗ ಅಂಗಡಿಯ ಹುಡುಗ ಎಡ ಸ್ಪೀಕರಿನ ಪ್ಲಸ್‌ನಿಂದ ಒಂದು ವೈರು, ಬಲದ ಪ್ಲಸ್‌ನಿಂದ ಇನ್ನೊಂದು ವೈರು ಎಳೆದು ನಡುವಿನ ಸ್ಪೀಕರಿಗೆ ಕೊಟ್ಟುಬಿಟ್ಟ. ಚಂಡೆಯ ಸದ್ದು ಸ್ವಲ್ಪ ಕೇಳಿಸಿತು, ಭಾಗವತರೇ ಮಾಯ. ಹಾಗೆ ಜೋಡಿಸಿದರೆ ಎಡಬಲಗಳ ವ್ಯತ್ಯಾಸ ಮಾತ್ರ ಹೊರಬರುತ್ತದೆ, ಎರಡರಲ್ಲೂ ಸಮನಾಗಿರುವ ಹಾಡುಗಾರಿಕೆ ಒಂದನ್ನೊಂದು ಅಳಿಸಿಹಾಕುತ್ತದೆ. ನಮಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಹಾಗೆಂದು ಎರಡು ಪ್ಲಸ್‌ಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಬೇಡಿ, ಮೈನಸ್ ವೈರನ್ನು ಬಾಡಿಗೆ ಅರ್ಥ್ ಮಾಡಬೇಡಿ. ಈಗಿನ ಸ್ಟೀರಿಯೊಗಳಲ್ಲಿ ಎರಡೂ ವೈರಿನಲ್ಲಿ ಸಿಗ್ನಲ್ ಹರಿಯುತ್ತದೆ, ಒಳಗಿನ ಆಂಪ್ (ಸಿಗ್ನಲ್ಲಿಗೆ ಬಲ ಕೊಡುವ ಆಂಪ್ಲಿಫೈಯರ್) ಸುಟ್ಟುಹೋಗಬಹುದು.

ಸರಿಯಾದ ದಾರಿ ಎರಡು. ನಿಮ್ಮ ಸ್ಟೀರಿಯೊದ ಹಿಂದೆ ಸೆಂಟರ್ ಎಂದು ಬರೆದ ಆರ್‌ಸಿಎ ಔಟ್‌ಪುಟ್ (ಆಂಪ್‌ಗೆ ಸಿಗ್ನಲ್ ಒಯ್ಯುವ ಕೇಬಲ್ ಸಿಕ್ಕಿಸುವ ದುಂಡನೆಯ ಸಾಕೆಟ್) ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಸೆಂಟರ್ ಚಾನೆಲ್ ಬೇರ್ಪಡಿಸಬಲ್ಲ ಡಿಎಸ್‌ಪಿ, ಅಂದರೆ ಶಬ್ದದ ಸಿಗ್ನಲ್ಲನ್ನು ತಿದ್ದುವ ಪೆಟ್ಟಿಗೆ, ಕೊಳ್ಳಿ. ಡಾಲ್ಬಿ ಪ್ರೊ ಲಾಜಿಕ್ 2ರಂಥ ವ್ಯವಸ್ಥೆ ಎಡಬಲ ಎರಡರಲ್ಲೂ ಸಮನಾಗಿರುವುದನ್ನು ನಡುವಿಗೆ ಕಳಿಸಿ, ಬಾಗಿಲುಗಳಲ್ಲಿ ಅದನ್ನು ಕಡಿಮೆ ಮಾಡುತ್ತದೆ. ಬರೀ ಎಡಬಲ ಕೂಡಿಸಿ ಕೊಡುವ ಡಿಎಸ್‌ಪಿಗಳೂ ಮಾರಾಟಕ್ಕಿವೆ. ಅವನ್ನು ಹಾಕಿದರೆ ಇಡೀ ಮೇಳ ಡ್ಯಾಶ್‌ಬೋರ್ಡಿನ ನಡುವೆ ಮುದುಡಿ ಕೂತ ಹಾಗಾಗುತ್ತದೆ. ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ಗೋ ಬೇರೆಲ್ಲಿಗೋ ಹೋಗಿ ಕೊಳ್ಳುವಾಗ ಈ ಒಂದು ಮಾತನ್ನು ಬಿಡಿಸಿ ಕೇಳಿ. ಈ ಉಪಕರಣಕ್ಕೆ ದುಡ್ಡಿಲ್ಲದಿದ್ದರೆ ಸದ್ಯಕ್ಕೆ ಸೆಂಟರ್ ಸ್ಪೀಕರೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಪೀಕರ್ ಮತ್ತು ಜಾಗ

ಮೂರೂವರೆ ಅಥವಾ ನಾಲ್ಕು ಇಂಚಿನದು ಸಾಕು. ಮಲೆನಾಡಿನ ಮಳೆಗಾಲದಲ್ಲಿ ಕಾರಿನೊಳಗೂ ತೇವ ತುಂಬಿರುತ್ತದೆ, ಕಾಗದದ ಕೋನ್ ಅದನ್ನು ಹೀರಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಕೋನ್ ಇರುವುದನ್ನೇ ಆರಿಸಿ. ಬೇಸಿಗೆಯ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ಕಾಯುವುದಕ್ಕೂ ಅದು ತಾಳುತ್ತದೆ.

ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಜಾಲರಿ ಮೊದಲೇ ಇರುತ್ತದೆ. ಕಂಪನಿಯ ಸ್ಪೀಕರ್ ಗೂಡು ಅಲ್ಲೇ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಕತ್ತರಿಸುವ ಮುಂಚೆ ರಟ್ಟಿನಿಂದ ಅಚ್ಚು ಮಾಡಿ ಇಟ್ಟು ನೋಡಿ, ಕೆಳಗಿರುವ ಎಸಿ ಕೊಳವೆಗೆ ತಾಗದಷ್ಟು ಆಳ ಇದೆಯೇ ಅಳೆಯಿರಿ. ಎರಡು ಜಾಗಕ್ಕೆ ಮಾತ್ರ ಕೈ ಹಾಕಕೂಡದು. ಒಂದು, ಎಡಸೀಟಿನ ಎದುರಿನ ಏರ್‌ಬ್ಯಾಗ್ ಮುಚ್ಚಳ. ಅದರ ಮೇಲಾಗಲಿ ಅಡ್ಡಲಾಗಲಿ ವೈರು, ಪಟ್ಟಿ ಏನೂ ಹೋಗಬಾರದು. ಏರ್‌ಬ್ಯಾಗ್ ವೈರುಗಳು ಸಾಮಾನ್ಯವಾಗಿ ಹಳದಿ ಬಣ್ಣದವು, ಅವನ್ನು ಮುಟ್ಟಬೇಡಿ. ಇನ್ನೊಂದು, ಮುಂದಿನ ಗಾಜಿಗೆ ಗಾಳಿ ಊದುವ ಕಿಂಡಿ. ಆಷಾಢದ ಜಡಿಮಳೆಯಲ್ಲಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಗಾಜು ಮಂಜಾದರೆ ಕಾಪಾಡುವುದು ಆ ಗಾಳಿಯೇ. ಸ್ಪೀಕರ್ ಅದಕ್ಕೆ ಅಡ್ಡ ಬರುವುದಾದರೆ ಜಾಗ ಬದಲಿಸಿ.

ವೈರಿಂಗ್

ಬ್ಯಾಟರಿಯ ಮೈನಸ್ ತೆಗೆದು ಹತ್ತು ನಿಮಿಷ ಕಾದು ಕೆಲಸ ಶುರುಮಾಡಿ. ಡಿಎಸ್‌ಪಿ, ಸೆಂಟರ್ ಸ್ಪೀಕರನ್ನು ನುಡಿಸುವ ಆಂಪ್ ಎರಡನ್ನೂ ಸೀಟಿನ ಅಡಿ ಇಡುವುದಾದರೆ ಮ್ಯಾಟಿನ ಮೇಲೆ ಬೇಡ. ಒದ್ದೆ ಚಪ್ಪಲಿ, ಛತ್ರಿಯ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ, ಎರಡು ಇಂಚು ಎತ್ತರಿಸಿ ಕೂರಿಸಿ.

ಬ್ಯಾಟರಿಯಿಂದ ಬರುವ ವೈರಿಗೆ 45 ಸೆಂ.ಮೀ. ಒಳಗೇ ಫ್ಯೂಸ್ ಹಾಕಿ. ವೈರು ಅಪ್ಪಟ ತಾಮ್ರದ್ದಿರಲಿ. ಅಲ್ಯೂಮಿನಿಯಂಗೆ ತಾಮ್ರ ಬಳಿದದ್ದು ಅಗ್ಗ, ಆದರೆ ನಮ್ಮ ಕಡೆಯ ತೇವಕ್ಕೆ ಅದರ ತುದಿಗಳು ಬೇಗ ಪುಡಿಯಾಗುತ್ತವೆ. ಎಂಜಿನ್ ಕಡೆಯಿಂದ ಒಳಗೆ ತರುವಾಗ ಕಂಪನಿಯ ರಬ್ಬರ್ ಬುಶ್ಶಿನ ಮೂಲಕವೇ ತನ್ನಿ. ತೂತಿನ ಮುಂಚೆ ವೈರು ಸ್ವಲ್ಪ ಕೆಳಗೆ ಜೋತಾಡುವಂತೆ ಬಿಟ್ಟರೆ ಮಳೆನೀರು ವೈರು ಹಿಡಿದು ಒಳಬರದೆ ಅಲ್ಲೇ ತೊಟ್ಟಿಕ್ಕುತ್ತದೆ. ಅಡಿಕೆ ಕಣದ ಹತ್ತಿರ, ಕೊಟ್ಟಿಗೆಯ ಮಗ್ಗುಲಲ್ಲಿ ಕಾರು ನಿಲ್ಲಿಸುವವರು ಬಾನೆಟ್ ಒಳಗಿನ ವೈರಿಗೆ ಸುಕ್ಕುಕೊಳವೆ ತೊಡಿಸಲೇಬೇಕು. ಇಲಿಗಳು ವೈರನ್ನು ಕಡಿಯುತ್ತವೆ.

ಪವರ್ ವೈರು ಕಾರಿನ ಒಂದು ಬದಿ, ಆರ್‌ಸಿಎ ಕೇಬಲ್ ಇನ್ನೊಂದು ಬದಿ ಹೋಗಲಿ. ಅರ್ಥ್ ಹಾಕುವ ಜಾಗದ ಬಣ್ಣವನ್ನು ಕೆರೆದು ಬರಿಯ ಲೋಹಕ್ಕೆ ಬಿಗಿದು, ಮೇಲೆ ಗ್ರೀಸ್ ಸವರಿ. ಕಂಪನಿ ವೈರನ್ನು ಕತ್ತರಿಸದೆ, ನಿಮ್ಮ ಮಾಡೆಲ್ಲಿನ ಕಪ್ಲರ್ (ಸಿಕ್ಕಿಸಿ ಜೋಡಿಸುವ ಕೊಂಡಿ) ಕೊಂಡು ಜೋಡಿಸಿದರೆ ವಾರಂಟಿಯ ತಕರಾರು ಕಡಿಮೆ.

ಸ್ಪೀಕರ್ ಕೂರಿಸುವಾಗ ಸುತ್ತ ಫೋಮ್ ಪಟ್ಟಿ ಹಚ್ಚಿ. ಕೋನಿನ ಹಿಂದಿನ ಗಾಳಿ ಸಂದಿಯಿಂದ ಮುಂದೆ ಬಂದರೆ ದನಿ ಸೊರಗುತ್ತದೆ.

ದನಿ ಹೊಂದಿಸುವುದು

ಚಿಕ್ಕ ಕೋನಿಗೆ ಮದ್ದಳೆಯ ತೂಕ ಹೊರಿಸಬಾರದು. ಡಿಎಸ್‌ಪಿಯಲ್ಲಿ ಹೈ-ಪಾಸ್ ಫಿಲ್ಟರನ್ನು (ಕೆಳಗಿನ ಸ್ವರಗಳನ್ನು ತಡೆದು ಮೇಲಿನವನ್ನು ಮಾತ್ರ ಬಿಡುವ ಸೋಸುಕ) ನಾಲ್ಕು ಇಂಚಿಗೆ 200 ಹರ್ಟ್ಸ್, ಮೂರೂವರೆ ಇಂಚಿಗೆ 300 ಹರ್ಟ್ಸ್ ಸುಮಾರಿಗೆ ಇಡಿ. ಅದರ ಕೆಳಗಿನದನ್ನೆಲ್ಲ ಬಾಗಿಲಿನ ಸ್ಪೀಕರ್‌ಗಳಿಗೆ ಕಳಿಸಿ. ಡಿಎಸ್‌ಪಿಯಲ್ಲಿ ಆ ಸೌಲಭ್ಯ ಇಲ್ಲದಿದ್ದರೆ 4 ಓಮ್ ಸ್ಪೀಕರಿನ ಪ್ಲಸ್‌ಗೆ ಸರಣಿಯಲ್ಲಿ 200 ಮೈಕ್ರೊಫ್ಯಾರಡ್ಡಿನ ನಾನ್-ಪೋಲಾರ್ ಕೆಪಾಸಿಟರ್ ಹಾಕಿದರೆ 200 ಹರ್ಟ್ಸ್ ಹತ್ತಿರ ಬರುತ್ತದೆ.

ಇಬ್ಬರಿಗೂ ಸಮನಾಗಿ ಕೇಳಬೇಕಲ್ಲ, ಹಾಗಾಗಿ ಎಡಬಲಕ್ಕೆ ಬೇರೆ ಬೇರೆ ತಡೆ (ಡಿಲೇ) ಕೊಡಬೇಡಿ, ಮೊದಲು ಕೊಟ್ಟಿದ್ದರೆ ತೆಗೆಯಿರಿ. ನಮ್ಮ ಕಾರಿನಲ್ಲಿ ಬಾಗಿಲ ಸ್ಪೀಕರ್‌ಗಳ ಸರಾಸರಿ ದೂರ 115 ಸೆಂ.ಮೀ., ಸೆಂಟರಿನದು 105. ಹತ್ತು ಸೆಂ.ಮೀ. ಹತ್ತಿರ ಇರುವುದಕ್ಕೆ ಸೆಂಟರಿಗೆ 0.3 ಮಿಲಿಸೆಕೆಂಡ್ ತಡೆ ಕೊಟ್ಟೆವು.

ಈಗ ಸೆಂಟರಿನ ಮಟ್ಟವನ್ನು ಪೂರ್ತಿ ಇಳಿಸಿ ಒಬ್ಬರೇ ಮಾತಾಡುವ ಧ್ವನಿಮುದ್ರಣ ಹಾಕಿ. ಭದ್ರಾವತಿ ಆಕಾಶವಾಣಿಯ ವಾರ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಕಣ್ಣು ಮುಚ್ಚಿ ಕೂತವರು ಕೇಳುತ್ತಿರಲಿ, ಇನ್ನೊಬ್ಬರು ನಿಧಾನವಾಗಿ ಏರಿಸಲಿ. ದನಿ ಬಾಗಿಲು ಬಿಟ್ಟು ಗಾಜಿನ ನಡುವಿಗೆ ಬಂದು ನಿಂತಿತು ಎನ್ನುವಲ್ಲಿ ನಿಲ್ಲಿಸಿ, ಒಂದು ಡೆಸಿಬೆಲ್ ಇಳಿಸಿ. ಸ್ಪೀಕರ್ ಎಲ್ಲಿದೆ ಎಂದು ಬೆರಳು ತೋರಿಸುವಂತಾದರೆ ಹೆಚ್ಚಾಗಿದೆ ಎಂದೇ ಲೆಕ್ಕ. ಮೇಲ್ಮುಖವಾಗಿ ಇಟ್ಟ ಸ್ಪೀಕರಿನ ದನಿ ಗಾಜಿಗೆ ಬಡಿದು ಬರುವುದರಿಂದ ‘ಸ’ಕಾರ ಕಿವಿಗೆ ಚುಚ್ಚಬಹುದು. ಈಕ್ವಲೈಸರಿನಲ್ಲಿ 3,000 ಹರ್ಟ್ಸ್‌ನಿಂದ ಮೇಲಕ್ಕೆ ಎರಡು ಮೂರು ಡೆಸಿಬೆಲ್ ತಗ್ಗಿಸಿ ನೋಡಿ.

ಹಳೆಯ ಆಟಗಳ ಕ್ಯಾಸೆಟ್ ಮುದ್ರಣ ಕೇಳುವವರು ಇನ್ನೊಂದು ವಿಷಯ ಗಮನಿಸಬೇಕು. ಅವುಗಳಲ್ಲಿ ಹೆಚ್ಚಿನವು ಮೋನೊ, ಎಡಬಲ ಎರಡೂ ಒಂದೇ. ಹಾಗಾಗಿ ಡಿಎಸ್‌ಪಿ ಹಾಡು, ಚಂಡೆ, ಮದ್ದಳೆ ಎಲ್ಲವನ್ನೂ ನಡುವಿಗೇ ನೂಕುತ್ತದೆ. ಪ್ರೊ ಲಾಜಿಕ್ 2ರ ಮ್ಯೂಸಿಕ್ ವಿಧಾನದಲ್ಲಿ ಸೆಂಟರ್ ವಿಡ್ತ್ ಎಂಬ ಹೊಂದಾಣಿಕೆ ಇದೆ. ಅದನ್ನು ಏರಿಸಿದರೆ ನಡುವಿನ ದನಿಯಲ್ಲಿ ಒಂದು ಪಾಲು ಬಾಗಿಲುಗಳಿಗೂ ಹಂಚಿಹೋಗುತ್ತದೆ.

ರಸ್ತೆಗೆ ಇಳಿಸಿ

ನಿಂತ ಕಾರಿನಲ್ಲಿ ಚೆನ್ನಾಗಿದ್ದದ್ದು ಹೊಂಡದ ರಸ್ತೆಯಲ್ಲಿ ಗಡಗಡ ಅನ್ನಬಹುದು. ಮೊಬೈಲಿನಿಂದ 200ರಿಂದ 500 ಹರ್ಟ್ಸ್‌ವರೆಗೆ ಏರುವ ಸ್ವರ ಹಾಕಿ, ಡ್ಯಾಶ್‌ಬೋರ್ಡಿನ ಒಂದೊಂದೇ ಭಾಗ ಒತ್ತಿ ಹಿಡಿಯಿರಿ. ಎಲ್ಲಿ ಒತ್ತಿದಾಗ ಕಿರಿಕಿರಿ ನಿಲ್ಲುತ್ತದೋ ಅಲ್ಲಿ ಬಟ್ಟೆಯ ಫೆಲ್ಟ್ ಟೇಪ್ ಅಂಟಿಸಿ. ಆಮೇಲೆ ಒಮ್ಮೆ ಶಿವಮೊಗ್ಗದಿಂದ ಗಾಜನೂರು ದಾಟಿ ಸಕ್ರೆಬೈಲಿನವರೆಗೆ ಹೋಗಿ ಬನ್ನಿ. ಸಾಧ್ಯವಾದರೆ ಮಳೆ ಬರುವಾಗಲೇ ಹೋಗಿ, ತಗಡಿನ ಮೇಲೆ ಹನಿ ಬೀಳುವ ಸದ್ದಿನಲ್ಲಿ ಮಾತು ಎಷ್ಟು ಸ್ಪಷ್ಟ ಎಂಬುದು ಆಗಲೇ ತಿಳಿಯುವುದು. ಹೊಂದಾಣಿಕೆ ಬದಲಿಸಬೇಕಿದ್ದರೆ ಗಾಡಿ ಬದಿಗೆ ನಿಲ್ಲಿಸಿಯೇ ಬದಲಿಸಿ. ಘಾಟಿಯ ತಿರುವಿನಲ್ಲಿ ಎದುರು ಬರುವ ಬಸ್ಸಿನ ಹಾರನ್ ಕೇಳಿಸುವಷ್ಟೇ ವಾಲ್ಯೂಮ್ ಇರಲಿ.

ನಮ್ಮ ಕಾರಿನಲ್ಲಿ ಈ ಕೆಲಸ ಮುಗಿಯಲು ಎರಡು ಭಾನುವಾರ ಹಿಡಿಯಿತು. ಮಂಡಗದ್ದೆಯ ಹತ್ತಿರ ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದವರು, ಎದುರಿನ ಗಾಜಿನತ್ತ ಕೈ ತೋರಿಸಿ ‘ಈಗ ಇಲ್ಲಿ ಕೂತಿದ್ದಾರೆ’ ಎಂದರು. ಅಪ್ಪಯ್ಯನೂ ಅಲ್ಲಿಗೇ ಕೈ ತೋರಿಸಿದರು.